ಒಂಬತ್ತರ ನಂತರದ ಸೊನ್ನೆ

ಕುತೈಸಿ ಪೇಟೆಯಲ್ಲಿ ಬೋಂದೋನ ರೊಟ್ಟಿಯಂಗಡಿ ನಾಲ್ಕು.
ಮೂರು ವರ್ಷದ ಮಾರಾಟ ಪೂರಾ
ಒಂದು ಪೆನ್‌ಡ್ರೈವಿಗೆ ತುಂಬಿ, ಹಿಟ್ಟಿನ ಕೈಯಲ್ಲೇ
ನನ್ನ ಮುಂದಿಟ್ಟ: "ಎಲ್ಲಿ ಸೋರ್ತಿದೆ, ಹೇಳು ಮಾಗ್ವಾಲಾ.
ನನ್ನ ಮೂಗು ಹೇಳೋದನ್ನ ಬ್ಯಾಂಕಿನವರು ನಂಬೋದಿಲ್ಲ."

ಗಂಟೆಗಂಟೆಗೂ ಗೆರೆ ಎಳೆದೆ, ಬಣ್ಣ ತುಂಬಿದೆ.
ಮೂರು ಅಂಗಡಿಗಳು ಸಂಜೆಯವರೆಗೆ ಉಸಿರಾಡುತ್ತಿದ್ದವು,
ಏರಿ, ಇಳಿದು, ಮಧ್ಯಾಹ್ನ ತುಸು ತೂಕಡಿಸಿ.
ನಾಲ್ಕನೆಯದು, ಆಸ್ಪತ್ರೆ ಗೇಟಿನ ಎದುರಿನದು,
ಏಳಕ್ಕೆ ದಡಬಡ ಎದ್ದು
ಒಂಬತ್ತಕ್ಕೆ ಸತ್ತುಹೋಗುತ್ತಿತ್ತು.
ಆಮೇಲೆ ಸೊನ್ನೆ. ಸೊನ್ನೆ. ಸೊನ್ನೆ.
ಮಂಗಳವಾರವೂ ಸೊನ್ನೆ, ಹಬ್ಬದ ಹಿಂದಿನ ದಿನವೂ ಸೊನ್ನೆ.

ಇಷ್ಟು ಶುದ್ಧವಾದ ಅಂಕಿಯನ್ನು ನಾನು ಕಂಡದ್ದು ಕಡಿಮೆ.
"ಒಂಬತ್ತರ ಮೇಲೆ ಬಾಗಿಲು ಹಾಕಿ," ಎಂದು ಬರೆದೆ,
"ಒಬ್ಬರ ಅರ್ಧ ಸಂಬಳ ಉಳಿಯುತ್ತದೆ."
ಆ ಒಬ್ಬರಿಗೆ ಹೆಸರೊಂದಿದೆ ಎಂಬುದು
ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಬೋಂದೋ ಸಹಿ ಹಾಕುವ ಹಿಂದಿನ ದಿನ
ಹಲ್ಲುನೋವೆಂದು ಆಸ್ಪತ್ರೆಗೆ ಹೊರಟವಳು
ಒಂಬತ್ತೂಕಾಲಿಗೆ ಆ ಅಂಗಡಿ ಮುಂದೆ ನಿಂತೆ.
ಅಂಕಿ ಪರೀಕ್ಷಿಸಲು ಹೋದೆ ಎಂದರೆ ಸುಳ್ಳಾದೀತು.
ಹಲಗೆ ಖಾಲಿ; ಒಂದಿಷ್ಟು ಪುಡಿ, ಅದಕ್ಕೊಂದು ಗುಬ್ಬಿ.
ತ್ಸಿಯೂರಿ ಕೌಂಟರಿನ ಹಿಂದೆ ಕೈಕಟ್ಟಿ ಕೂತಿದ್ದಳು.
ರಾತ್ರಿಪಾಳಿ ಮುಗಿಸಿದ ನರ್ಸೊಬ್ಬಳು ಬಂದಳು, ಇಣುಕಿ ಹೋದಳು.
ಬ್ಯಾಂಡೇಜಿನ ಕೈಯ ಮುದುಕ ಬಂದ, ಇಣುಕಿ ಹೋದ.
ಟ್ಯಾಕ್ಸಿಯವನು ಇಳಿಯಲೂ ಇಲ್ಲ, ಹಾರನ್ ಹೊಡೆದ;
ತ್ಸಿಯೂರಿ ತಲೆಯಾಡಿಸಿದಳು; ಹೋದ.

"ನಲವತ್ತು ಕಳಿಸ್ತಾರೆ. ನಲವತ್ತೂ ಹೋಗ್ತವೆ.
ಆಮೇಲೆ ನಾನು 'ಇಲ್ಲ' ಮಾರ್ತೀನಿ,
ಸಂಜೆ ತನಕ."

ಹಲ್ಲು ಮರೆತುಹೋಯಿತು.
ಇಷ್ಟು ದಿನ ನಾನು ಓದಿದ್ದು ಕೊಂಡವರ ಕತೆ.
ಬರಿಗೈಯಲ್ಲಿ ಹೋದವರಿಗೆ ಯಾರೂ ಬಿಲ್ಲು ಹರಿಯುವುದಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಯಾರಿಗೂ ಬೇಡವಾಗಿ ಉಳಿದದ್ದೂ ಸೊನ್ನೆ,
ಎಲ್ಲರಿಗೂ ಬೇಕಾಗಿ ಮುಗಿದದ್ದೂ ಸೊನ್ನೆ.
ಅದೇ ಸುತ್ತು, ಅದೇ ಬಾಯಿ.
ಮುಚ್ಚಿದ ಬಾಯಿ ಅಂದುಕೊಂಡಿದ್ದೆ ನಾನು,
ಅದು ತೆರೆದೇ ಇತ್ತು.

ಹಿಟ್ಟಿನ ಚೀಲ ಹರಿದು ತ್ಸಿಯೂರಿಗೆ ಕೊಟ್ಟೆ:
"'ಇಲ್ಲ' ಅಂದಾಗಲೆಲ್ಲ ಒಂದು ಗೀಟು."
ಎಂಟು ದಿನಕ್ಕೆ ಇನ್ನೂರ ಎಪ್ಪತ್ತಾರು ಗೀಟು.
ಕೆಲವು ಉದ್ದ, ಕೆಲವು ಗಿಡ್ಡ. ಪೆನ್ಸಿಲ್ ಸವೆದದ್ದಕ್ಕಿರಬೇಕು ಎಂದು
ಎಲ್ಲವನ್ನೂ ಕೂಡಿಬಿಟ್ಟೆ.

ಬೋಂದೋ ಕಾಗದವನ್ನು ಒಲೆಯ ಬೆಳಕಿಗೆ ಹಿಡಿದ.
ಬಾವಿಯಂಥ ಆ ಮಣ್ಣಿನೊಲೆಯೊಳಗೆ ಸೊಂಟದವರೆಗೆ ಬಗ್ಗಿ
ದೋಣಿಯಾಕಾರದ ರೊಟ್ಟಿಗಳನ್ನು ಗೋಡೆಗೆ ಬಡಿದು
ಮೇಲೆದ್ದು ಕೇಳಿದ:
"ಇಲ್ಲದ ಗಿರಾಕಿಗೆ ಹಿಟ್ಟು ಕಲಸು ಅಂತೀಯ?"
ಕಲಸಿದ. ದಿನಕ್ಕೆ ಮೂವತ್ತು ಹೆಚ್ಚು, ಒಂದು ತಿಂಗಳ ಮಾತು.

ಮೊದಲ ವಾರ ದಿನಾ ಒಂಬತ್ತೋ ಹತ್ತೋ ಉಳಿದವು.
ಗಟ್ಟಿಯಾದ ರೊಟ್ಟಿಯೊಂದರಿಂದ ಅವನು ನನ್ನ ಮೇಜನ್ನು ಕುಟ್ಟಿದ,
ಬಾಗಿಲು ತಟ್ಟುವ ಹಾಗೆ, ಮೂರು ಸಲ.

ಆಗ ತ್ಸಿಯೂರಿ ಹೇಳಿದಳು: "ಉದ್ದದ ಗೀಟು
ಎರಡನೇ ಸಲ ಬಂದವರದು. ನೀನು ಕೇಳಲೇ ಇಲ್ಲ."
ಒಬ್ಬಳೇ ನರ್ಸಿನ ಒಂದೇ ಹಸಿವನ್ನು
ಇಬ್ಬರದೆಂದು ಎಣಿಸಿದ್ದೆ.

ಮೂರನೆಯ ವಾರ ಉಳಿದದ್ದು ಎರಡು, ಒಂದು ದಿನ ಒಂದೂ ಇಲ್ಲ.
ಪ್ರಯೋಗಾಲಯದ ನೀಲಿ ಕೋಟಿನ ಹೆಂಗಸೊಬ್ಬಳು
ಹನ್ನೊಂದು ಗಂಟೆಗೆ ಒಳಗೆ ಬಂದು ಮೂಗರಳಿಸಿ,
"ಇದೆಯಾ? ಇಲ್ಲಿ ಕೇಳೋದನ್ನೇ ಬಿಟ್ಟು ಎರಡು ವರ್ಷ ಆಯ್ತು," ಎಂದಳು.
ಅವಳು ಮಾರಾಟದಲ್ಲಿರಲಿಲ್ಲ.
ಗೀಟುಗಳಲ್ಲೂ ಇರಲಿಲ್ಲ.
ಅವಳಿಗಾಗಿ ಹಾಳೆಯಲ್ಲಿ ಹೊಸ ಕಾಲಮ್ಮೊಂದನ್ನು ತೆರೆದೆ;
ಅದಕ್ಕಿನ್ನೂ ತಲೆಬರಹ ಹೊಳೆದಿಲ್ಲ.

ಹಲ್ಲು ಇನ್ನೂ ಕೀಳಿಸಿಲ್ಲ.
ಬಿಸಿ ರೊಟ್ಟಿಯ ತುದಿ ಮುರಿದು ಕೊಡುತ್ತ ತ್ಸಿಯೂರಿ ಅನ್ನುತ್ತಾಳೆ:
ಆ ಕಡೆ ನೋವಿದ್ದರೆ
ಈ ಕಡೆಯಿಂದ ಅಗಿ.