ಮೂರನೇ ಗರಿ

ಕೌಲ್ ಬಜಾರಿನಲ್ಲಿ ಮೂರನೇ ಮಾಳಿಗೆ. ತಗಡಿನ ಸೂರು.
ಮಧ್ಯಾಹ್ನ ಎರಡಕ್ಕೆ ಫ್ಯಾನೂ ಬಿಸಿ ಉಗುಳುತ್ತದೆ.
ನನ್ನ ಕೆಲಸ, ಚಿತ್ರವನ್ನು ಸೂಜಿಗೆ ತಿಳಿಯುವ ಮಾತಿಗೆ ಇಳಿಸುವುದು:
ಇಲ್ಲಿ ಚುಚ್ಚು, ಅಲ್ಲಿಗೆ ಜಿಗಿ, ದಾರ ಕತ್ತರಿಸು,
ಹಸಿರು ಬಿಟ್ಟು ಕೆಂಪು ಹಿಡಿ.
ಒಂದು ಗಿಳಿಗೆ ಎಂಟು ಸಾವಿರದ ನಾನೂರ ಹನ್ನೆರಡು ಹೊಲಿಗೆ.
ಎಣಿಸಿದ್ದು ನಾನಲ್ಲ, ಪರದೆಯ ಮೂಲೆ.

ಹನ್ನೆರಡು ತಲೆಯ ಯಂತ್ರ
ಜೀನ್ಸಿನ ಹನ್ನೆರಡು ಜೇಬಿಗೆ ಒಟ್ಟಿಗೇ ಗಿಳಿ ಕೂರಿಸುತ್ತದೆ.
ಪಕ್ಕೀರಮ್ಮ ನೆಲದ ಮೇಲೆ ಕಾಲು ಚಾಚಿ
ಉಳಿದ ದಾರದ ತುದಿ ಕತ್ತರಿಸುತ್ತಾಳೆ,
ಸಂಜೆ ಚಿಂದಿ ಆರಿಸಿ ಕೌದಿಗೆ ಒಯ್ಯುತ್ತಾಳೆ.

ಒಂದು ದಿನ ಜೇಬು ತಿರುವಿ ಅದರ ಬೆನ್ನು ನೋಡಿದಳು.
"ನಿನ್ನ ಗಿಳಿ ಎಲ್ಲೂ ದಣಿದಿಲ್ಲಲ್ಲೋ ತಮ್ಮಾ.
ನನ್ನ ಕೌದ್ಯಾಗ ನೋಡು, ಎಲ್ಲಿ ಚಾ ಕುಡದೆ,
ಎಲ್ಲಿ ಕೂಸು ಅತ್ತು ಎದ್ದೆ, ಎಲ್ಲಿ ಕಣ್ಣು ಮಂಜಾತು,
ಎಲ್ಲಾ ಗೊತ್ತಾಗ್ತೈತಿ."
ಮತ್ತೆ ಕತ್ತರಿ ಹಿಡಿದಳು. ಬೈದದ್ದಲ್ಲ.
ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ನಾಲ್ಕು ಸಾಲು ಬರೆದೆ:
ಪ್ರತಿ ಹೊಲಿಗೆಗೆ ಮುನ್ನ ಕವಡೆ ಎಸೆ,
ಬಿದ್ದಂತೆ ಕೂದಲೆಳೆಯಷ್ಟು ಜರುಗು,
ಇನ್ನೂರಕ್ಕೊಮ್ಮೆ ತುಸು ಉದ್ದ ಎಳೆ,
ರೆಕ್ಕೆಯ ಹತ್ತಿರ ದಣಿ.

ದಣಿಯಿತು. ಹೇಳಿದ ಕಡೆಯೇ ದಣಿಯಿತು.
ಕವಡೆ ಬಿದ್ದದ್ದು ಒಮ್ಮೆ, ಕೈ ಹನ್ನೆರಡು:
ಎಲ್ಲ ಗಿಳಿಗಳೂ ಎಡ ರೆಕ್ಕೆಯ ಮೂರನೇ ಗರಿಯಲ್ಲಿ
ಕವಾಯತಿನ ಪೊಲೀಸರಂತೆ ಒಟ್ಟಿಗೆ ತಪ್ಪಿದವು.
ಪಕ್ಕೀರಮ್ಮ ನಕ್ಕು ನಕ್ಕು ಸೆರಗು ಬಾಯಿಗಿಟ್ಟಳು.
ಮಾಲಕ ನಗಲಿಲ್ಲ. ಜೇಬಿನ ಲೆಕ್ಕ ನನ್ನ ಪಗಾರದಲ್ಲಿ ಮುರಿದ.

ಹನ್ನೆರಡೂ ಚಿಂದಿ ಚೀಲಕ್ಕೆ ಹೋದವು. ಮರೆತೆ.

ಚಳಿ ಎಂಬ ಹೆಸರಿಗೆ ನಮ್ಮೂರಲ್ಲಿ ಬರುವ
ನಾಲ್ಕು ಮುಂಜಾನೆಗಳಲ್ಲಿ ಒಂದು.
ಅವಳ ಕಟ್ಟೆಗೋಡೆಯ ಮೇಲೆ ಕೌದಿ ಬಿಸಿಲಿಗೆ ಹಾಸಿತ್ತು.
ನನ್ನ ಗಿಳಿಗಳು!
ಒಂದು ತಲೆಕೆಳಗು, ಒಂದು ಅಡ್ಡ,
ಒಂದಕ್ಕೆ ಹಳೆ ಸೀರೆಯಂಚಿನ ಪಂಜರ,
ಇನ್ನೊಂದರ ತಪ್ಪಿದ ಗರಿಯ ಮೇಲೆ ಬಿಳಿ ದಾರದ ಓಟ
ಹೋಗುತ್ತ ಹೋಗುತ್ತ ವಾಲಿ, ನಿಂತು,
ಮತ್ತೆ ಹೊರಟಿದೆ. ಅಲ್ಲಿ ಚಾ ಕುಡಿದಿರಬೇಕು.
ಹೊಲಿಗೆ ಅವೇ, ತಪ್ಪೂ ಅದೇ,
ನೋಡುವ ದಿಕ್ಕು ಮಾತ್ರ ಒಂದೊಂದರದು ಒಂದೊಂದು.

"ಹನ್ನೊಂದೇ ಅದಾವಲ್ಲ?" ಎಂದೆ.
ಎಣಿಸುವ ಚಾಳಿ ಪರದೆಯಿಂದ ನನಗೂ ಹತ್ತಿದೆ.
"ಒಂದು ಮೊಮ್ಮಗಳ ಲಂಗಕ್ಕ ಹೋತು.
ಹಾರಿ ಹೋತು ಅಂತ ಬರಕೋ ನಿನ್ನ ಕಂಪ್ಯೂಟ್ರಾಗ."

ಬರೆದುಕೊಂಡೆ.
ಆ ಫೈಲಿಗೆ ಇನ್ನೂ ಹೆಸರಿಟ್ಟಿಲ್ಲ.