ಎಡಗೈ ಸುರುಳಿ

ಥಿನ್ನರ್ ವಾಸನೆಗೆ ತಲೆ ಸಿಡಿಯುತ್ತೆ ಕಣಪ್ಪಾ
ಎಂದು ಜಗಳಕ್ಕೇ ಮೇಲೆ ಬಂದವರು ವನಜಾಕ್ಷಮ್ಮ,
ಕೆಳಮನೆಯವರು, ಮನೆಯ ಒಡತಿ ಕೂಡ.
ಬಂದವರು ಬಾಗಿಲಲ್ಲೇ ನಿಂತರು:
ಲಿಂಗರಾಜಪುರದ ಈ ಎರಡನೇ ಮಹಡಿಯ ಬಾಲ್ಕನಿಯಲ್ಲಿ
ಚಾಪೆಯ ಮೇಲೆ ಅಂಗಾತ ಮಲಗಿತ್ತು
ತಂತಿ ಕಳಚಿದ ಒಂದು ಬೇಸ್ ಗಿಟಾರು,
ಹೊಟ್ಟೆ ಬಿಚ್ಚಿಕೊಂಡು.

ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ್ದು,
ಹಳೇ ಫ್ಯಾನು, ಮಿಕ್ಸಿಗಳ ಅಡಿಯಲ್ಲಿ.
ಜಪಾನಿನದು, ನನಗಿಂತ ಐದಾರು ವರ್ಷ ಹಿರಿಯದು.
ಯಾರೋ ಪುಣ್ಯಾತ್ಮ ಅದಕ್ಕೆ
ಕಿಟಕಿ ಸರಳಿನ ನೀಲಿ ಎನಾಮಲ್ ಬಳಿದಿದ್ದ,
ಬ್ರಷ್ಷಿನ ಎರಡು ಕೂದಲೂ ಸೇರಿಸಿ.
ಮೂರು ಭಾನುವಾರ ಕೆರೆದಿದ್ದೇನೆ.
ನೀಲಿಯ ಕೆಳಗೆ ಬಿಳಿ, ಬಿಳಿಯ ಕೆಳಗೆ
ಪಾಕಕ್ಕಿಟ್ಟ ಬೆಲ್ಲದ ಬಣ್ಣ, ಅಂಚಿಗೆ ಹೋದಂತೆ ಕಪ್ಪು.
ಅಲ್ಲಿಗೆ ನಿಲ್ಲಿಸಿದೆ. ಮರ ಕಾಣುವವರೆಗೆ ಕೆರೆದರೆ
ಅದು ರಿಪೇರಿಯಲ್ಲ, ಬೇರೇನೋ.

ಕುತ್ತಿಗೆ ಬಾಗಿತ್ತು. ಇಸ್ತ್ರಿಪೆಟ್ಟಿಗೆ ಕಾಯಿಸಿ,
ಒದ್ದೆ ಬಟ್ಟೆ ಹಾಸಿ, ಕ್ಲಾಂಪು ಬಿಗಿದು
ಎರಡು ರಾತ್ರಿ ಬಿಟ್ಟೆ; ಮುಕ್ಕಾಲು ಪಾಲು ಮಾತು ಕೇಳಿತು.
ಎಸ್.ಪಿ. ರಸ್ತೆಯಿಂದ ಹೊಸ ಜ್ಯಾಕು, ಹೊಸ ವಾಲ್ಯೂಮು.
ಹೆಬ್ಬೆರಳು ಊರುವಲ್ಲಿ
ಮೆಟ್ಟಿಲ ಕಲ್ಲಿನ ಹಾಗೆ ಸವೆದ ಒಂದು ಗುಳಿ:
ಅದನ್ನು ಮುಟ್ಟಲಿಲ್ಲ.

ಸತ್ತಿದ್ದು ಪಿಕಪ್ಪು. ಎರಡರಲ್ಲಿ ಒಂದು.
ಮೀಟರಿನ ಕಡ್ಡಿ ಇಟ್ಟರೆ ಮೂಲೆಯಲ್ಲಿ
ಒಂಟಿ ಒಂದು, ಅಷ್ಟೆ.
ಆ ಮೀಟರಿನ ಭಾಷೆಯಲ್ಲಿ ಒಂದು ಎಂದರೆ
ಎಣಿಕೆಗೆ ಸಿಗದ್ದು, ಕೊನೆಯಿಲ್ಲದ್ದು;
ಅಂದರೆ, ಎಲ್ಲೋ ತಂತಿ ಹರಿದಿದೆ.

"ಕೊಡು ಇಲ್ಲಿ" ಅಂದರು.
ಥಿನ್ನರ್ ಮರೆತೇಹೋಗಿತ್ತು.
ಇಪ್ಪತ್ತೊಂಬತ್ತು ವರ್ಷ ದೂರವಾಣಿನಗರದ ಫ್ಯಾಕ್ಟರಿಯಲ್ಲಿ
ರಿಲೇ ಕಾಯಿಲ್ ಸುತ್ತಿದ ಬೆರಳು.
ಈಗ ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾರೆ,
ಆದರೆ ಕೂದಲಿಗಿಂತ ಸಣ್ಣ ತಾಮ್ರವನ್ನು
ಕಣ್ಣು ಮುಚ್ಚಿ ಉಗುರ ತುದಿಯಲ್ಲಿ ಹುಡುಕಿದರು.
ಟೇಪು ಬಿಚ್ಚಿದರೆ ಹಸಿರು ರೇಷ್ಮೆ ದಾರದ ಒಂದು ಗಂಟು.
ನಕ್ಕುಬಿಟ್ಟರು. "ಇದು ಜಪಾನ್ ಅಲ್ಲಪ್ಪ,
ನಮ್ಮ ಸೆಕ್ಷನ್ನಿನ ಗಂಟು.
ತಂತಿ ಕದ್ದಿದ್ದಾಳೆ ಕಳ್ಳಿ, ಟಿಫನ್ ಡಬ್ಬಿಯಲ್ಲಿ."

ಯಾರು?
ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ತಿರುಗಿಸಿ:
"ನಾವೆಲ್ಲ ಬಲಕ್ಕೆ ಸುತ್ತುತ್ತಿದ್ದೆವು.
ಇದು ಎಡಕ್ಕೆ. ಗುಲ್ನಾರ್ ಒಬ್ಬಳೇ ಎಡಚಿ,
ಸೂಪರ್‌ವೈಸರ್ ದಿನಾ ಬೈತಿದ್ದ.
ಫ್ಯಾಕ್ಟರಿ ಡೇಗೆ ಬಾರಿಸುತ್ತಿದ್ದನಲ್ಲ,
ಟೂಲ್ ರೂಮಿನ ಮರ್ವಿನ್..."
ಅಲ್ಲಿಗೆ ನಿಲ್ಲಿಸಿದರು.
ನಾನೂ ಮರ ಕಾಣುವವರೆಗೆ ಕೆರೆಯಲಿಲ್ಲ.

ಹರಿದದ್ದು ಹೊರಸುತ್ತಿನಲ್ಲೇ, ಪುಣ್ಯಕ್ಕೆ.
ಅವರು ಹಿಡಿದರು, ನಾನು ಬೆಸುಗೆ ಇಟ್ಟೆ,
ಇಬ್ಬರೂ ಉಸಿರು ಬಿಡಲಿಲ್ಲ.
ಮೀಟರಿನಲ್ಲಿ ಏಳು ಚಿಲ್ಲರೆ.

ಎರಡೂ ಪಿಕಪ್ಪು ಸೇರಿಸಿದರೆ ಮಾತ್ರ
ದನಿ ಬಡಕಲು, ಡಬ್ಬದೊಳಗಿಂದ ಬಂದ ಹಾಗೆ:
ಒಂದು ಬಾ ಎಂದಾಗ ಇನ್ನೊಂದು ಹೋಗು ಎನ್ನುತ್ತದೆ,
ಎಡ ಬಲವನ್ನು ಕಳೆದುಬಿಡುತ್ತದೆ.
ಎಲ್ಲ ಬಿಚ್ಚಿ ಬಲಕ್ಕೇ ಸುತ್ತಿಬಿಡಲೇ,
ಎಂಟು ಸಾವಿರ ಸುತ್ತು,
ಹೊಲಿಗೆ ಮಿಷನ್ನಿನ ಮೋಟಾರಿದೆ, ಅಂದೆ.
ತುಂಬ ಹೊತ್ತು ಗಿಟಾರಿನ ಹೊಟ್ಟೆಯನ್ನೇ ನೋಡಿದರು.
"ಅವಳು ಸುತ್ತಿದ್ದು ತಪ್ಪಿಲ್ಲ. ಜೋಡಿಸಿದ್ದು ತಪ್ಪು.
ಈ ಎರಡು ವೈರು ಅದಲುಬದಲು ಮಾಡು."

ಅಷ್ಟೇ ಇದ್ದದ್ದು.

ದಪ್ಪ ತಂತಿ ಮೀಟಿದೆ. ಬಾಲ್ಕನಿ ಗ್ರಿಲ್ಲು ನಡುಗಿತು,
ಸ್ಕ್ರೂ ಹಾಕಿಟ್ಟ ಸಾಸರು
ತಾನಾಗಿ ಒಂದಿಂಚು ನಡೆಯಿತು.
ಅವರು ಅಂಗೈಯನ್ನು ಮರದ ಮೇಲಿಟ್ಟು
ಪೂರ್ತಿ ಅಡಗುವವರೆಗೆ ತೆಗೆಯಲಿಲ್ಲ.

ಮೆಟ್ಟಿಲಿಳಿಯುತ್ತ ತಿರುಗಿ ಅಂದರು:
"ಗುಲ್ನಾರ್ ನಂಬರು ಹಳೇ ಡೈರಿಯಲ್ಲಿದೆ, ಆರಂಕಿಯದು.
ಆಮೇಲೆ ಮುಂದೆ ಏನೇನೋ ಸೇರಿಸಿದರಲ್ಲ,
ಏನು ಸೇರಿಸಿದರು, ನೆನಪಿದೆಯಾ ನಿನಗೆ?"
ಇನ್ನೂ ನಾಲ್ಕು ಮೆಟ್ಟಿಲು.
"ಮತ್ತೆ ಆ ಥಿನ್ನರ್ ನಾಳೆಯಿಂದ ಟೆರೇಸಿನಲ್ಲಿ."