ಹನ್ನೆರಡನೇ ಸಾಲು

ಹೊಸ ವರ್ಷದ ಬೆಳಗಿನ ಮೂರಕ್ಕೆ ಫೋನು.
ಪ್ರೋಬರ್ಟನ ಆಕಳು. ಕರು ಹಿಂದುಮುಂದಾಗಿದೆ.
ಮಾತಾಡಿದ್ದು ಅವನಲ್ಲ, ತಾಯಿ ಎನಿಡ್.
ಅಕ್ಟೋಬರಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ.
ಕೊರಳ ಚರ್ಮ ಬಾತ ಹಸುಗಳ ಕಿವಿಯ ಸಂಖ್ಯೆ
ಗಟ್ಟಿಯಾಗಿ ಓದಿದವಳು ನಾನು,
ಕ್ಷಯ ಎಂದು ಬರೆದವಳು,
ಲಾರಿ ಬರುವ ತಾರೀಖು ತಿಳಿಸಿದವಳು.
ಒಟ್ಟು ಹನ್ನೊಂದು.

ಕಿಂಗ್ಟನ್ ದಾಟಿದರೆ ದಾರಿಗೆ ದೀಪವಿಲ್ಲ.

ಭುಜದವರೆಗೆ ಕೈ ಹಾಕಿ, ಕೆನ್ನೆಯನ್ನು ಅದರ ತೊಡೆಗೊತ್ತಿ
ಒಳಗತ್ತಲಲ್ಲಿ ಗೊರಸು ಹುಡುಕಿದೆ. ಒಂದು. ಇನ್ನೊಂದು.
ಪ್ರೋಬರ್ಟ್ ಹಗ್ಗ ಹಿಡಿದ.
ಎಳಿ ಅಂದಾಗ ಎಳೆದ, ತಡಿ ಅಂದಾಗ ತಡೆದ.
ಅಷ್ಟೇ ಮಾತು, ಅದೂ ನನ್ನದೇ.
ಹೆಣ್ಣುಗರು. ಉಸಿರಿಲ್ಲ.
ಮೂಗಿಗೆ ಹುಲ್ಲುಕಡ್ಡಿ ಚುಚ್ಚಿದೆ, ಬಾಯಿ ಹಚ್ಚಿ ಊದಿದೆ.
ಸೀನಿತು.

ಕೈ ತೊಳೆಯಲು ಅಡುಗೆಮನೆಗೆ ಹೋದರೆ
ಎಂಬತ್ತೊಂದರ ಎನಿಡ್ ಕುರ್ಚಿ ಹತ್ತಿ
ತೊಲೆಯಿಂದ ಮುಳ್ಳಿನ ಚೆಂಡೊಂದನ್ನು ಇಳಿಸುತ್ತಿದ್ದಾಳೆ.
ಹಾಥಾರ್ನ್ ರೆಂಬೆ ಬಾಗಿಸಿ ಹೆಣೆದದ್ದು,
ವರ್ಷವಿಡೀ ಒಲೆಯ ಹೊಗೆ ಕುಡಿದದ್ದು.
"ನಿನ್ನ ಕಾಲು ಗಟ್ಟಿ ಇವೆಯೇನು?" ಎಂದಳು.
"ಮೊದಲು ಹದಿನಾಲ್ಕು ಆಳಿದ್ದರು, ಈಗ ಇವನೊಬ್ಬ.
ಒಬ್ಬನೇ ಓಡಿದರೆ ಅದು ಬರೀ ಓಟ, ಬೇಸಾಯವಲ್ಲ."

ಎಲ್ಲಕ್ಕೂ ಮೊದಲು ಬಿತ್ತಿದ ಗೋಧಿಹೊಲ. ಎರಡು ಬೆರಳು ಪೈರು.
ಚೆಂಡಿನೊಳಗೆ ಒಣಹುಲ್ಲು ತುರುಕಿ, ಕಡ್ಡಿ ಗೀರಿ,
ಕವೆಗೋಲಿಗೆ ಸಿಕ್ಕಿಸಿ ಓಡಬೇಕು, ಹನ್ನೆರಡು ಸಾಲು.
ನಡುವೆ ಆರಿದರೆ ಆ ವರ್ಷದ ಬೆಳೆಯನ್ನು ನೆಚ್ಚುವಂತಿಲ್ಲ.
ಸಾಲುಗಳೆಲ್ಲಿ? ಯಂತ್ರ ಬಿತ್ತಿದ ನೆಲ ಸಪಾಟು.
ಎನಿಡ್ ಬೇಲಿಗೆ ಒರಗಿ ಟಾರ್ಚು ಬೀಸಿ ಎಣಿಸುತ್ತಾಳೆ,
ಕುದುರೆ ನೇಗಿಲಿನ ದಿಣ್ಣೆಗಳು ಅವಳ ಲೆಕ್ಕದಲ್ಲಿ ಇನ್ನೂ ಇವೆ.
ಅವಳು ಹುಡುಗಿಯಾಗಿದ್ದಾಗ ಈ ಗುಡ್ಡದಿಂದ
ಮೂವತ್ತು ಹೊಲದ ಬೆಂಕಿ ಕಾಣುತ್ತಿದ್ದವಂತೆ.
ಯಾರದು ಉರಿಯಲಿಲ್ಲವೋ ಅವರ ಮನೆಗೆ
ಬೆಳಗಾಗುವಷ್ಟರಲ್ಲಿ ಯಾರಾದರೂ ಹೋಗಿ ವಿಚಾರಿಸುತ್ತಿದ್ದರಂತೆ.
ಈಗ ಕಾಣುವುದು ಹೆದ್ದಾರಿ, ಒಂದು ಲಾರಿ.

ಆರು ಸಾಲು ಅವನು. ಏಳಕ್ಕೆ ಕೋಲು ನನ್ನ ಕೈಗೆ.
ಬೂಟಿಗೆ ಹತ್ತಿದ ಕೆಂಪು ಮಣ್ಣು
ಬೀದರಿನ ಕೆಂಪಿಗಿಂತ ಚೂರು ಮಂಕು, ಅಂಟು ಜಾಸ್ತಿ.
ಮುಳ್ಳು ಚಟಪಟ ಸಿಡಿಯಿತು, ಕೂದಲಿಗೆ ಕಿಡಿ,
ಬಾಯಿಂದ ಏನೋ ಹೊರಟಿತು.
ಎಳ್ಳಮಾಸಿ ದಿನ ಬಿಳಿಜೋಳದ ನಡುವೆ
ಭಜ್ಜಿ ಅಂಬಲಿಯ ಚರಗ ಚೆಲ್ಲುತ್ತ ಆಯಿ ಕೂಗುತ್ತಿದ್ದ ಕೂಗು.
ಅದರ ಅರ್ಥ ಆಕೆಗೂ ಗೊತ್ತಿರಲಿಲ್ಲ. ಕೇಳಿದರೆ,
"ನಿನಗ್ಯಾಕ? ಹೊಲಕ್ಕ ತಿಳೀತದ," ಅನ್ನುತ್ತಿದ್ದಳು.

ಈ ಹೊಲಕ್ಕೆ ತಿಳಿಯಿತೋ ಇಲ್ಲವೋ.
ಹತ್ತನೆಯ ಸಾಲಿಗೆ ಬೆಂಕಿ ಆರಿತು.

ಕೋಲಿನ ತುದಿಗೆ ಹೊಗೆಯಾಡುವ ಗೂಡು.
ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.
ಪ್ರೋಬರ್ಟ್ ಬಂದ, ಪೈರಿನಲ್ಲಿ ಮಂಡಿಯೂರಿದ,
ಕರುವಿಗೆ ನಾನು ಊದಿದ ಹಾಗೆಯೇ ಊದಿದ,
ಬಹಳ ಹೊತ್ತು.
ಒಂದು ಕೆಂಪು ಎಳೆ ಎದ್ದಿತು.
"ಹನ್ನೊಂದು," ಎಂದ.
ಸಾಲಿನ ಲೆಕ್ಕವೋ ಹಸುಗಳದ್ದೋ, ನಾನು ಕೇಳಲಿಲ್ಲ.
ಇಬ್ಬರೂ ಕೋಲು ಹಿಡಿದು ಓಡಿದೆವು.
ಹನ್ನೆರಡು ಮುಟ್ಟಿದೆವೋ ಇಲ್ಲವೋ,
ಅಷ್ಟರಲ್ಲಿ ಎನಿಡ್ ಟಾರ್ಚು ಆರಿಸಿದ್ದಳು.

ಉಳಿದ ಕೆಂಡದ ಮೇಲೆ ಹಸಿ ರೆಂಬೆ ಕಾಯಿಸಿ
ಹೊಸ ಚೆಂಡು ಕಟ್ಟಿದಳು, ಒಂದು ಗಂಟು ನನ್ನಿಂದ ಹಾಕಿಸಿ.
ಸೈಡರಿನಲ್ಲಿ ಅದ್ದಿ ತೊಲೆಗೆ ತೂಗಿಬಿಟ್ಟಳು.
ಅದರ ಕೆಳಗೇ ಕೂತು ನಾನು ಔಷಧಿಯ ಪುಸ್ತಕ ತುಂಬಿದೆ,
ಹೆಬ್ಬೆರಳಿನಲ್ಲಿ ಮುರಿದ ಮುಳ್ಳು.
ಆಕಳಿನ ಸಂಖ್ಯೆಯ ಮೇಲೆ ಒಂದು ಹನಿ ಬಿತ್ತು.
ಒರೆಸಿ, ಮತ್ತೆ ಬರೆದೆ.
ಮುಂದಿನ ಪರೀಕ್ಷೆ: ಜನವರಿ ಹತ್ತೊಂಬತ್ತು.